ಹಿತ್ತಲ ಬಾಗಿಲಲ್ಲಿ ಕೇಳಿದ್ದು

ಇಂಥ ಘಟನೆಯನ್ನು ಬೇರೆ ಯಾರಾದರೂ ಬರೆದು ಕಳಿಸಿದ್ದರೆ ನಮ್ಮ ಪತ್ರಿಕೆಗೆ ನಾನೇ ತೆಗೆದುಕೊಳ್ಳುತ್ತಿರಲಿಲ್ಲ. ಯಾರಿಗೂ ಕೇಳದ ಧ್ವನಿ ಒಬ್ಬರಿಗೆ ಕೇಳುತ್ತದೆ ಎಂದರೆ ಅದು ಕಾಯಿಲೆ, ಅಷ್ಟೇ ಎಂದು ನಂಬಿದ್ದೆ. ಈಗಲೂ ಬಹುಮಟ್ಟಿಗೆ ನಂಬುತ್ತೇನೆ.

ಕೆಲವು ವರ್ಷಗಳ ಹಿಂದೆ ವಿದ್ಯಾನಗರದ ಒಂದು ಮನೆಗೆ ಲೇಖನಕ್ಕಾಗಿ ಹೋಗಿದ್ದೆ. ಮಾನಸಿಕ ಕಾಯಿಲೆಯೊಂದಿಗೆ ಬದುಕುವ ಕೆಲವು ಹೆಣ್ಣುಮಕ್ಕಳು ಅಲ್ಲಿ ಒಟ್ಟಿಗಿದ್ದರು. ಅಡುಗೆ, ಮಾತ್ರೆ, ಪೇಟೆಯ ಓಡಾಟ ಎಲ್ಲದರಲ್ಲೂ ಅವರ ಜೊತೆಗಿರುವುದು ಸಲೋಮಿಯವರ ಕೆಲಸ. ಅವರದೊಂದು ಪದ್ಧತಿಯಿತ್ತು. ಯಾರಾದರೂ ಧ್ವನಿ ಕೇಳಿಸಿತೆಂದರೆ ಸುಳ್ಳೆನ್ನುತ್ತಿರಲಿಲ್ಲ, ಹೌದೆನ್ನುತ್ತಲೂ ಇರಲಿಲ್ಲ. ‘ನಿನಗ ಕೇಳಿಸೈತಿ, ನನಗ ಕೇಳಿಲ್ಲ’ ಎನ್ನುತ್ತಿದ್ದರು. ಕೋಣೆಯಲ್ಲಿದ್ದ ಉಳಿದವರೂ ತಮಗೆ ಕೇಳಿದ್ದನ್ನು ಇದ್ದಹಾಗೆ ಹೇಳಬೇಕು.

ಅಂದು ಮಧ್ಯಾಹ್ನ ವಿಮಲಾ ಎಂಬವರನ್ನು ನೋಡಲು ಅವರ ಊರಾದ ಗರಗದಿಂದ ತಮ್ಮ ಈರಣ್ಣ ಬಂದಿದ್ದ. ಧ್ವನಿ ನಿಂತಿದ್ದರಷ್ಟೇ ಮನೆಗೆ ಕರೆದೊಯ್ಯುವೆ ಎಂದು ಮೊದಲೇ ಹೇಳಿದ್ದ. ವಿಮಲಾ ಬೆಳಗಿನಿಂದಲೇ ಚೀಲ ಕಟ್ಟಿಟ್ಟು, ತಲೆ ಬಾಚಿಕೊಂಡು ಕುಳಿತಿದ್ದರು. ಎಲ್ಲರ ಒಪ್ಪಿಗೆ ಪಡೆದು ನಾನು ಮೊಬೈಲಿನಲ್ಲಿ ರೆಕಾರ್ಡಿಂಗ್ ಶುರು ಮಾಡಿದ್ದೆ.

ಚಹಾ ಕುಡಿಯುತ್ತಿರುವಾಗ ವಿಮಲಾ ಹಿತ್ತಲ ಬಾಗಿಲಿನತ್ತ ತಿರುಗಿ, ‘ಅಕಿ ಕರ್ಯಾಕತ್ತಾಳ’ ಎಂದರು. ಅಂದ ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡರು.

ಈರಣ್ಣ ಕಪ್ಪು ಕೆಳಗಿಟ್ಟ. ‘ನೋಡ್ರಿ ಅಕ್ಕಾರ, ಹೋಗೇ ಇಲ್ಲ ಅದು.’

‘ನನಗ ಕೇಳಿಲ್ಲ ಯವ್ವಾ,’ ಎಂದರು ಸಲೋಮಿ, ಎಂದಿನಂತೆ. ‘ಈರಣ್ಣಾರ, ನಿಮಗ?’

‘ಎಲ್ಲೀದ್ರಿ!’

‘ಸರ, ನಿಮಗ?’

ನನಗೆ ಕೇಳಿಸಿತ್ತು. ವಯಸ್ಸಾದ ಹೆಂಗಸಿನ ಧ್ವನಿ, ಕದದ ಆಚೆಯಿಂದಲೇ. ‘ಕೇಳಿಸಿತು,’ ಎಂದೆ. ‘“ಕದಾ ತಗೀ, ಕೈಯಾಗ ಹಾಲೈತಿ” ಅಂತು.’

ವಿಮಲಾ ಸೆರಗು ಇಳಿಸಿದರು. ‘ಹೌದ್ರಿ. ದಿನಾ ಅದನ್ನ ಅಂತಾಳ.’

ಸಲೋಮಿ ಹೋಗಿ ಕದ ತೆಗೆದರು. ಬಟ್ಟೆ ಒಗೆಯುವ ಕಲ್ಲು, ಅದರಾಚೆ ಕಾಂಪೌಂಡ್ ಗೋಡೆ. ಯಾರೂ ಇರಲಿಲ್ಲ.

ಈರಣ್ಣ ಸಲೋಮಿಯವರತ್ತ ತಿರುಗಿದ. ‘ಅಲ್ರಿ, ಪೇಪರಿನ ಸಾಹೇಬ್ರಿಗೂ ಕೇಳಿಸೈತಿ. ಅವರು ಸಂಜಿಕೆ ಆರಾಮ ತಮ್ಮ ಮನಿಗೆ ಹೊಕ್ಕಾರ. ನಮ್ಮಕ್ಕ ಅಷ್ಟ ಇಲ್ಲೆ ಯಾಕಿರಬೇಕ್ರಿ?’ ಎಂದವನೇ ಚೀಲ ಎತ್ತಿಕೊಂಡ. ವಿಮಲಾ ಚಪ್ಪಲಿ ಹುಡುಕತೊಡಗಿದರು.

ಆಫೀಸಿಗೆ ಬಂದು ರೆಕಾರ್ಡಿಂಗ್ ಕೇಳಿದೆ. ಕಪ್ಪುಗಳ ಸದ್ದಿದೆ, ರಸ್ತೆಯ ಆಟೊ ಇದೆ. ಆ ಹೆಂಗಸಿನ ಧ್ವನಿ ಇಲ್ಲ. ಹಾಲಿನ ಮಾತನ್ನು ವಿಮಲಾಗಿಂತ ಮೊದಲು ಆಡಿದವನು ನಾನೇ. ಮನೆಗೆ ಹೋಗುವ ಆಸೆಗೆ ಆಕೆ ನನ್ನ ಮಾತಿಗೆ ಹೂಂ ಅಂದಿರಬಹುದೇ ಎಂದು ಸಲೋಮಿಯವರಿಗೆ ಫೋನ್ ಮಾಡಿದೆ. ‘ಇಲ್ರಿ, ಹಾಲಿನ ಮಾತು ಅಕಿ ಇಲ್ಲಿಗೆ ಬಂದ ದಿನಾನ ನನ್ನ ಮುಂದ ಹೇಳಿದ್ಲು,’ ಎಂದರು. ಎರಡು ಕಡೆಯಿಂದ ಖಾತ್ರಿಯಾದರೆ ಸುದ್ದಿ ಎಂದು ಕಿರಿಯರಿಗೆ ಹೇಳಿಕೊಡುವವನು ನಾನು. ಇದನ್ನು ಮಾತ್ರ ಲೇಖನದಲ್ಲಿ ಬರೆಯಲಿಲ್ಲ.

ವಿಮಲಾ ಈಗಲೂ ಗರಗದಲ್ಲಿದ್ದಾರೆ, ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುತ್ತಾರೆ. ಧ್ವನಿ ಬರುತ್ತದೆ, ಹೋಗುತ್ತದೆ. ಇದನ್ನು ತಿಳಿಸಿದ ದಿನ ಸಲೋಮಿ, ‘ನಿಮಗ ಮತ್ತ ಕೇಳಿಸೈತೇನ್ರಿ ಸರ?’ ಎಂದು ಕೇಳಿದರು.

‘ಇಲ್ಲ.’

‘ಕೇಳಿಸಿದ್ರ ಹೇಳ್ರಿ. ನನಗ ಕೇಳಿಲ್ಲಂದ್ರ ಕೇಳಿಲ್ಲ ಅಂತ ಖರೇ ಹೇಳ್ತೇನಿ.’

ತಮಾಷೆಗೆ ಅಂದರೋ, ಕೆಲಸದ ರೂಢಿಯಿಂದ ಅಂದರೋ ತಿಳಿಯಲಿಲ್ಲ. ಆಗಲಿ ಎಂದೆ.