ಗೋಡೆಯ ಬುಡದ ಬಿಲ

ಟೈಲ್ಸ್ ಹಾಕುತ್ತಿದ್ದ ಆ ಮೇಸ್ತ್ರಿಗೆ ಬೀದಿಯವರು ಇಟ್ಟ ಹೆಸರು ಲೆವೆಲಪ್ಪ. ಯಾರ ಮನೆಗೆ ಹೋದರೂ ಕೂರುವ ಮುಂಚೆ ನೆಲ ಮಟ್ಟವಾಗಿದೆಯೇ ಎಂದು ನೋಡುವ ಆಸಾಮಿ. ಒಮ್ಮೆ ನೆಂಟರ ಮನೆಯಲ್ಲಿ ಅರ್ಧ ಊಟಕ್ಕೆ ಎದ್ದು ಹೋಗಿ, ಗೋಡೆಯ ಟೈಲ್ಸನ್ನು ಬೆರಳ ಗೆಣ್ಣಿನಿಂದ ಬಡಿದು, "ಇದು ಒಳಗೆ ಪೊಳ್ಳು, ಇವತ್ತಲ್ಲ ನಾಳೆ ಬೀಳುತ್ತೆ" ಎಂದು ಹೇಳಿ ಮತ್ತೆ ತಟ್ಟೆಯ ಮುಂದೆ ಕೂತಿದ್ದ. ಬಿರುಕೋ ತೂತೋ ಕಣ್ಣಿಗೆ ಬಿದ್ದರೆ ಮುಚ್ಚುವ ತನಕ ಅವನಿಗೆ ನೆಮ್ಮದಿಯಿಲ್ಲ. ಅರವತ್ತು ದಾಟಿ ಮಂಡಿ ಸೋತ ಮೇಲೆ ಕೆಲಸ ಬಿಟ್ಟ, ಚಾಳಿ ಬಿಡಲಿಲ್ಲ.

ಅವನು ಇದ್ದದ್ದು ಅಕ್ಕನ ಜೊತೆ. ಅವಳು ಬಟ್ಟೆ ಹೊಲಿಯುವವಳು, ಮದುವೆಯ ಗೋಜಿಗೆ ಹೋದವಳಲ್ಲ. ಇಪ್ಪತ್ತಾರು ವರ್ಷದಿಂದ ಹಿತ್ತಲಲ್ಲಿ ಒಂದು ನೆಲದಾಮೆ ಸಾಕಿದ್ದಳು. ಅದರ ನಡಿಗೆಯ ಗತ್ತು ನೋಡಿ ದೊರೆಸಾನಿ ಎಂದು ಕರೆಯುತ್ತಿದ್ದಳು. ಬಿಸಿಲು ಏರಿತೆಂದರೆ ದೊರೆಸಾನಿ ಮುಂಗಾಲಲ್ಲಿ ಮಣ್ಣು ಕೆದರಿ, ತಿರುಗಿ ಚಿಪ್ಪಿನಿಂದಲೇ ಹೊರಗೆ ನೂಕಿ, ಬಿಲ ತೋಡಿ ಒಳಗೆ ತಂಪಾಗಿ ಮಲಗುತ್ತಿತ್ತು. ಈ ಸಲ ತೋಡಿದ್ದು ಕಾಂಪೌಂಡ್ ಗೋಡೆಯ ಬುಡದಲ್ಲಿ. ಆ ಗೋಡೆ ಲೆವೆಲಪ್ಪ ಸ್ವಂತ ಕೈಯಿಂದ ಕಟ್ಟಿದ್ದು, ನೂಲು ಹಿಡಿದರೂ ಎಳ್ಳಷ್ಟು ಓರೆ ಇಲ್ಲದ್ದು.

ಅಷ್ಟರಲ್ಲಿ ಅಕ್ಕ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಆಸ್ಪತ್ರೆಯ ಮಂಚದಿಂದಲೇ ಹೇಳಿದಳು: "ನಾನು ಬರೋ ತನಕ ಅವಳ ಬಿಲಕ್ಕೆ ಕೈ ಹಚ್ಚಬೇಡ ಕಣೋ. ಈ ಸೆಕೆಗೆ ಅವಳು ಉಳಿಯೋದೇ ಅದರಿಂದ."

"ನಾನ್ಯಾಕೆ ಹಚ್ಲಿ ಅಕ್ಕ."

ಮೂರು ದಿನ ತಡೆದುಕೊಂಡ. ನಾಲ್ಕನೆಯ ಬೆಳಿಗ್ಗೆ ಗೋಡೆಯ ಗಾರೆಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಕಬ್ಬಿಣದ ಸರಳು ತಂದು ಬಿಲದೊಳಗೆ ತೂರಿಸಿದ. ಮೂರೂವರೆ ಅಡಿ ಹೋಗಿ ಮಣ್ಣಿಗೆ ತಾಗಿತು. ಅತ್ತಿತ್ತ ಆಡಿಸಿದ, ಏನೂ ಸಿಗಲಿಲ್ಲ. ಖಾಲಿ ಎಂದು ತೀರ್ಮಾನಿಸಿದ. ಜೀವಮಾನವೆಲ್ಲ ಅವನು ಕಂಡ ತೂತುಗಳು ನೆಟ್ಟಗಿದ್ದವು. ಜೀವ ತೋಡಿದ ತೂತು ಒಳಗೆ ತಿರುಗಬಹುದು ಎಂಬುದು ಅವನ ತಲೆಗೆ ಹೊಳೆಯಲೇ ಇಲ್ಲ. ಇಟ್ಟಿಗೆ ಚೂರು ತುಂಬಿ, ಬಾಯಿಗೆ ಸಿಮೆಂಟ್ ಮೆತ್ತಿ, ಕರಣಿಯಿಂದ ನಯ ಮಾಡಿ, ಲೆವೆಲ್ ಇಟ್ಟು ನೋಡಿ ಖುಷಿಪಟ್ಟ.

ಮಧ್ಯಾಹ್ನ ಹಾಕಿದ ಪಾಲಕ್ ಸೊಪ್ಪು ಹಾಗೇ ಬಾಡಿತು. ಎಲ್ಲೋ ಗಿಡದ ಸಂದಿಯಲ್ಲಿ ಇರಬೇಕು ಎಂದುಕೊಂಡ. ಸಂಜೆ ಅಕ್ಕ ಫೋನ್ ಮಾಡಿದಳು.

"ದೊರೆಸಾನಿ ತಿಂದ್ಲೇನೋ?"

"ಹೂಂ, ಪಾಲಕ್ ತಿಂದ್ಲು."

ಮಾತು ಅವನನ್ನು ಕೇಳದೆ ಬಾಯಿಂದ ಜಾರಿತ್ತು. ಮರುದಿನವೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಹಿತ್ತಲು ಸುತ್ತಿದ. ಬಕೆಟ್ ಎತ್ತಿ ನೋಡಿದ, ಎತ್ತಿದ್ದನ್ನೇ ಮತ್ತೆ ಎತ್ತಿದ. ಸಿಮೆಂಟಿನ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಸಂಜೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಜೊತೆಗೆ ಅಕ್ಕ ಅಂದಳು, "ನಾಡಿದ್ದು ಬೆಳಿಗ್ಗೆ ಮನೆಗೆ ಕಳಿಸ್ತಾರಂತೆ."

ಬಿಲ ಮುಚ್ಚಿದ ಮೂರನೆಯ ದಿನ ಬೆಳಗಾಗುತ್ತಲೇ ಸಿಮೆಂಟ್ ಒಡೆದ. ಚೂರುಗಳನ್ನು ಎಳೆದು ಹಾಕಿ ಕೂಗಿದ. ಕೂಗಿದರೆ ಆಮೆ ಓಗೊಡುತ್ತದೆಯೇ? ಆಮೇಲೆ ಸುತ್ತಿಗೆಯ ಹಿಡಿ ಹಿಡಿದು, ಟೈಲ್ಸಿನ ಪೊಳ್ಳು ಹುಡುಕುವಂತೆ ನೆಲ ಬಡಿಯುತ್ತ ಮಂಡಿಯ ಮೇಲೆ ಸರಿದ. ಗಟ್ಟಿ, ಗಟ್ಟಿ, ಪೊಳ್ಳು. ಬಿಲ ಎಡಕ್ಕೆ ತಿರುಗಿ ನೇರ ಗೋಡೆಯ ಕೆಳಗೆ ಹೋಗಿತ್ತು. ಮೇಲಿನ ಭಾರ ಇಳಿಸದೆ ಅಗೆದರೆ ಗೋಡೆ ಅವಳ ಮೇಲೇ ಕೂರುತ್ತದೆ, ಅದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಉಳಿ ತಂದು ಮೇಲಿನ ಸಾಲಿನಿಂದ ಕಳಚತೊಡಗಿದ. ತಾನೇ ಕಟ್ಟಿದ್ದು, ಸುಲಭಕ್ಕೆ ಬಿಡಲಿಲ್ಲ. ಅಷ್ಟು ಗಟ್ಟಿಯಾಗಿ ಕಟ್ಟಿದ್ದಕ್ಕೆ ತನ್ನನ್ನೇ ಬೈದುಕೊಂಡ.

ನಡು ಮಧ್ಯಾಹ್ನಕ್ಕೆ ನಾಲ್ಕಡಿ ಗೋಡೆ ಇಲ್ಲವಾಗಿತ್ತು. ಮಣ್ಣು ತೆಗೆದು ಭುಜದ ತನಕ ಕೈ ಹಾಕಿದ. ಗಟ್ಟಿಯಾದದ್ದು ತಾಗಿತು. ಕಲ್ಲೋ ಅವಳೋ ತಿಳಿಯದೆ ಗೆಣ್ಣಿನಿಂದ ಬಡಿದ. ಬುಸ್ ಎಂದು ಒಂದು ಉಸಿರು ಕೈಗೆ ಸೋಕಿತು. ಲೆವೆಲಪ್ಪ ಮಣ್ಣಿನಲ್ಲೇ ಕುಸಿದು ಕೂತು ಅತ್ತ.

ಮರುದಿನ ಅಕ್ಕ ಊರುಗೋಲು ಹಿಡಿದು ಹಿತ್ತಲಿಗೆ ಬಂದಳು. ಒಡೆದ ಗೋಡೆ ನೋಡಿದಳು, ನೆರಳಲ್ಲಿದ್ದ ಆಮೆಯ ಚಿಪ್ಪಿನ ಮೇಲೆ ಬಿದ್ದಿದ್ದ ಹೊಸ ಗೀರು ನೋಡಿದಳು.

"ಬಿಲ ಮುಚ್ಚಿದ್ದು ನಾನೇ ಅಕ್ಕ. ಅವಳು ಒಳಗಿದ್ಲು. ಎರಡು ದಿನ."

ಬೈದುಬಿಡಲಿ ಎಂದು ಅವನು ಕಾಯುತ್ತಿದ್ದ.

"ಆ ಎರಡು ದಿನಾನೂ ಪಾಲಕ್ ತಿಂದ್ಲು ಅಂದ್ಯಲ್ಲೋ," ಅಂದಳು. "ನಾನು ಅದನ್ನ ನಂಬಿ ನಿದ್ದೆ ಮಾಡಿದೆ."

ಅವನು ಒಳಗಿಂದ ಕುರ್ಚಿ ತಂದಿಟ್ಟ. ಅಕ್ಕ ಕುರ್ಚಿಯಲ್ಲಿ ಕೂತಳು, ಅವನು ಅವಳ ಪಕ್ಕ ನೆಲದ ಮೇಲೆ. ಬಿಸಿಲು ಏರಿತು. ದೊರೆಸಾನಿ ಎದ್ದು ನಿಧಾನ ನಡೆದು ಬಂದು, ಉಳಿದ ಗೋಡೆಯ ಬುಡದಲ್ಲಿ, ಅವನ ಕಾಲ ಹತ್ತಿರವೇ ಕೆದರಲು ಶುರುಮಾಡಿದಳು. ಮುಚ್ಚಲು ಅವನ ಕೈ ತುರಿಸಿತು. ಎರಡೂ ಅಂಗೈ ತೊಡೆಯಡಿ ಅದುಮಿಟ್ಟುಕೊಂಡ. ಮಣ್ಣು ಹಿಡಿಹಿಡಿಯಾಗಿ ಪಾದದ ಮೇಲೆ ಬಿತ್ತು, ಬೆರಳು ಮುಚ್ಚಿತು. ಅವನು ಕಾಲು ಎಳೆದುಕೊಳ್ಳಲಿಲ್ಲ.