ವ್ಯಾನು ಮತ್ತು ಶೆಡ್ಡು

ಮತ್ತೆ ನನ್ನ ಮಾತು ಮುಗಿಯುವ ಮೊದಲೇ ಲಿಂಡಾ ನಡುವೆ ಬಾಯಿ ಹಾಕಿದಳು. ಲೀಡ್ಸಿನ ಶಾಲೆಯೊಂದರ ಅಡುಗೆಮನೆಯಲ್ಲಿ ನಾವಿಬ್ಬರೂ ಕೆಲಸಕ್ಕಿದ್ದೇವೆ. "ರಜೆಗೆ ನಾವೆಲ್ಲ ವ್ಯಾನಿಗೆ ಹೋಗ್ತೀವಿ, ಮಕ್ಕಳೂ ಅಲ್ಲೇ ಮಲಗ್ತಾರೆ," ಅಂದಳು. ಪಾಪ, ಮನೆಯವರೆಲ್ಲ ಗಾಡಿಯೊಳಗೆ ಮಲಗಬೇಕಾಯಿತಲ್ಲ ಅಂದುಕೊಂಡು ಮರುದಿನ ಎರಡು ಕಂಬಳಿ ತಂದುಕೊಟ್ಟೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಫೋಟೋ ತೋರಿಸಿದಳು. ಸಮುದ್ರದ ದಂಡೆಯಲ್ಲಿ ಒಂದೇ ಕಡೆ ಊರಿ ನಿಂತ, ಕಿಟಕಿಗೆ ಪರದೆ ಕಟ್ಟಿದ ತಗಡಿನ ಪುಟ್ಟ ಮನೆ. ಇಲ್ಲಿಯವರು ಅದನ್ನೇ ವ್ಯಾನು ಅನ್ನುತ್ತಾರಂತೆ. "ನಮ್ಮಪ್ಪ ತಗೊಂಡಿದ್ದು," ಅಂದಳು, ಅರಮನೆ ತೋರಿಸುವವಳ ಹಾಗೆ.

ಊರಲ್ಲಿ ನಮ್ಮ ಹೊಲದಲ್ಲಿರುವುದನ್ನು ಇಷ್ಟು ದಿನ ಎಲ್ಲರಿಗೂ ಫಾರ್ಮ್‌ಹೌಸ್ ಎಂದು ಹೇಳಿಕೊಂಡು ಬಂದವಳು ನಾನು. ಅವತ್ತು ತಲೆಯೆತ್ತಿ ನಿಜ ಹೇಳಿದೆ. "ನಮ್ಮದು ಶೆಡ್ಡು. ನಮ್ಮಪ್ಪ ಕೈಯಾರೆ ಕಟ್ಟಿದ್ದು. ಬೇಸಿಗೆ ರಜೆಗೆ ಹನ್ನೆರಡು ಜನ ಅಲ್ಲೇ ಮಲಗ್ತೀವಿ."

ಲಿಂಡಾ ನನ್ನ ತೋಳು ಹಿಡಿದುಕೊಂಡಳು. "ಹನ್ನೆರಡು ಜನ? ಶೆಡ್ಡಲ್ಲಿ?"

ಇಲ್ಲಿ ಶೆಡ್ಡೆಂದರೆ ಹಿತ್ತಲಲ್ಲಿ ತೋಟದ ಸಲಕರಣೆ ತುಂಬುವ ಮರದ ಗೂಡು. ಆದರೂ ನಾನು ಮಾತು ಬದಲಿಸಲಿಲ್ಲ. ಅಪ್ಪ ಕಟ್ಟಿದ ಕಲ್ಲಿನ ಗೋಡೆ, ಬಿರುಗಾಳಿಗೂ ಅಲುಗದ ತಗಡು, ಎಲ್ಲವನ್ನೂ ಹೆಮ್ಮೆಯಿಂದ ವಿವರಿಸಿದೆ. ಅವಳು ಮೆಚ್ಚಿ ತಲೆಯಾಡಿಸಿದಳು. ಆಮೇಲೆ, ಹುಲ್ಲಿಗೆ ಎಮ್ಮೆ ಬಿಡುವ ಮನೆಯ ಮಗಳಾದ ನನ್ನನ್ನು ಕೇಳಿದಳು:

"ಹಾಗಾದರೆ ಹುಲ್ಲು ಕತ್ತರಿಸೋ ಮಷೀನು ಎಲ್ಲಿಡ್ತೀರಿ?"