ಭಾನುವಾರದ ಸುಳ್ಳು ಕುಸ್ತಿ

ನಾನು ಈ ಊರಿಗೆ ಬಂದ ಮೊದಲ ಭಾನುವಾರ, ಸಂಜೆ ನಾಲ್ಕರ ಹೊತ್ತಿಗೆ, ಕೆಳಗಿನ ಮನೆಯಲ್ಲಿ ಯಾರೋ ಯಾರನ್ನೋ ಕೊಲ್ಲುತ್ತಿದ್ದರು. “ಎಲವೋ ಅಧಮ, ಬೆನ್ನ ಹಿಂದೆ ಬಂದು ಕುರ್ಚಿಯಿಂದ ಬಡಿಯುವುದು ವೀರನಾದವನ ಲಕ್ಷಣವೇ?” ಎಂದು ಒಂದು ಮುದಿ ಗಂಟಲು ಗರ್ಜಿಸಿತು. “ಕುರ್ಚಿಯನ್ನು ಅಲ್ಲಿ ಇಟ್ಟವನು ನಾನಲ್ಲ. ಕೈಗೆ ಸಿಕ್ಕಿದ್ದನ್ನು ಬಿಡುವವನು ವೀರನಲ್ಲ, ದಡ್ಡ,” ಎಂದು ಇನ್ನೊಂದು ಗಂಟಲು ಸಮಾಧಾನದಿಂದ ಉತ್ತರಿಸಿತು. ಒಲೆಯ ಮೇಲಿನ ಹಾಲನ್ನು ಹಾಗೇ ಬಿಟ್ಟು ನಾನು ಮೆಟ್ಟಿಲಿಳಿದು ಓಡಿದೆ.

ಕೊಲೆ ಗಿಲೆ ಏನೂ ಇರಲಿಲ್ಲ. ಬಿಳಿ ಪಂಚೆಯ ಇಬ್ಬರು ಅಜ್ಜಂದಿರು ಸೋಫಾದ ಎರಡು ತುದಿಯಲ್ಲಿ ಕುಳಿತಿದ್ದರು, ನಡುವೆ ಒಂದು ತಟ್ಟೆ ತಿಂಡಿ. ಟಿವಿಯಲ್ಲಿ ಕೆಂಪು ಚಡ್ಡಿಯ ಬಿಳಿಯ ದಾಂಡಿಗನೊಬ್ಬ ಗಾಳಿಯಲ್ಲಿ ಹಾರುತ್ತ ಅಲ್ಲೇ ನಿಂತುಬಿಟ್ಟಿದ್ದ. ಅವನ ಹೊಟ್ಟೆಯ ಮೇಲೆ ಒಂದು ಚಕ್ರ ಗಿರಗಿರ ತಿರುಗುತ್ತಿತ್ತು. “ನೆಟ್ ನಿಂತಿದೆ ಮೇಡಂ. ಬನ್ನಿ, ಕೂತುಕೊಳ್ಳಿ,” ಎಂದರು ಮನೆಯ ಯಜಮಾನರು, ನಾನು ದಿನವೂ ಬರುವವಳೇನೋ ಎಂಬಂತೆ. ಮೇಲೆ ನನ್ನ ಹಾಲು ಉಕ್ಕಿ ಹೋಗಿತ್ತು.

ನಾನು ಧಾರವಾಡದ ಕಡೆಯವಳು. ನೋಟು ರದ್ದಾದ ಮರುವರ್ಷ ಬ್ಯಾಂಕಿನವರು ನನ್ನನ್ನು ಎತ್ತಿ ಕಾಸರಗೋಡಿಗೆ ಒಗೆದರು. ಅಲ್ಲಿ ಕನ್ನಡ ನಡೆಯುತ್ತದೆ, ಚಿಂತೆ ಬೇಡ ಎಂದು ಬೆನ್ನು ತಟ್ಟಿ ಕಳಿಸಿದವರು ಒಬ್ಬರೂ ಈ ಊರನ್ನು ನೋಡಿದವರಲ್ಲ. ಕನ್ನಡ ನಡೆಯುತ್ತದೆ, ಸುಳ್ಳಲ್ಲ. ಆದರೆ ಬಸ್ಸಿನ ಬೋರ್ಡು ಮಲಯಾಳದ್ದು. ನನ್ನ ಮನೆಯಿರುವ ವಿದ್ಯಾನಗರದ ಬಸ್ಸನ್ನು ನಾನು ಮೂರು ತಿಂಗಳು ಕಂಡಕ್ಟರನ ಮೀಸೆ ನೋಡಿ ಗುರುತಿಸಿದ್ದೇನೆ. ಕೌಂಟರಿಗೆ ಬಂದವರು ಮಲಯಾಳದಲ್ಲಿ ಶುರುಮಾಡಿ, ತುಳುವಿನಲ್ಲಿ ಬೈದು, ಕೆಲಸ ಆಗಬೇಕಾದಾಗ ಕನ್ನಡಕ್ಕೆ ಇಳಿಯುತ್ತಾರೆ. ಕುಚ್ಚಿಲಕ್ಕಿ ಅನ್ನ ಹಲ್ಲಿಗೆ ಕೆಲಸ ಕೊಡುತ್ತದೆಯೇ ಹೊರತು ನಾಲಿಗೆಗಲ್ಲ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವನು ನನ್ನನ್ನು ದನಕ್ಕೆ ಮೇವು ಕೇಳಿದವಳಂತೆ ನೋಡಿದ.

ಮೂವತ್ತಾರರ ಒಂಟಿ ಹೆಂಗಸಿಗೆ ಮನೆ ಕೊಡುವವರು ಎಲ್ಲೂ ಕಡಿಮೆ. ಇಲ್ಲಿ ನಾಲ್ಕು ಮನೆಯವರು “ಫ್ಯಾಮಿಲಿ ಎಂತ ಇಲ್ವಾ?” ಎಂದು ಕೇಳಿ ಬಾಗಿಲು ಹಾಕಿಕೊಂಡರು. ಐದನೆಯವರು ಸಂಜೀವಣ್ಣ, ಕಲೆಕ್ಟರೇಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಏನೂ ಕೇಳದೆ ಮಹಡಿಯ ಬೀಗದ ಕೈ ಕೊಟ್ಟರು. ಯಾಕೆ ಎಂದು ಆ ಭಾನುವಾರ ತಿಳಿಯಿತು. ಅವರಿಗೆ ಬೇಕಾಗಿದ್ದದ್ದು ಬಾಡಿಗೆಯವಳಲ್ಲ, ಪ್ರೇಕ್ಷಕಳು.

ಇನ್ನೊಬ್ಬರು ನಾರಾಯಣಣ್ಣ, ಅವರ ಶಾಲೆಯ ದಿನಗಳ ಗೆಳೆಯ. ಶಾರ್ಜಾದಲ್ಲಿ ಅರ್ಧ ಆಯುಷ್ಯ ಕಳೆದು ಈಗ ಮೀಂಜದಲ್ಲಿ ತೋಟ ನೋಡಿಕೊಂಡಿರುವವರು. ಆ ಕಾಲದಲ್ಲಿ ಹನ್ನೆರಡು ಜನ ಮಲಗುವ ಕೋಣೆಯಲ್ಲಿ ಕ್ಯಾಸೆಟ್ಟು ಹಾಕಿ ನೋಡಿದ ಅಮೆರಿಕದ ಕುಸ್ತಿಗಳೆಲ್ಲ ಈಗ ದುಡ್ಡು ಕಟ್ಟಿದರೆ ಟಿವಿಯ ಆ್ಯಪಿನಲ್ಲಿ ಸಿಗುತ್ತವೆ. ಸಂಜೀವಣ್ಣನ ಅಳಿಯ ದುಬೈಯಿಂದ ಅದರ ಪಾಸ್‌ವರ್ಡ್ ಕಳಿಸಿದ್ದ. ಹಾಗಾಗಿ ಪ್ರತಿ ಭಾನುವಾರ ನಾರಾಯಣಣ್ಣ ಎರಡು ಬಸ್ಸು ಬದಲಿಸಿ ಬಂದು, ಇಪ್ಪತ್ತೈದು ವರ್ಷ ಹಿಂದೆ ಗೆದ್ದು ಸೋತು ಮುದುಕರಾದ, ಕೆಲವರು ಸತ್ತೂ ಹೋದ ದಾಂಡಿಗರು ಹೊಡೆದಾಡುವುದನ್ನು ನೋಡುತ್ತಿದ್ದರು.

ನೋಡಿದರೆ ನೋಡಲಿ. ಇವರದು ಅಷ್ಟಕ್ಕೆ ಮುಗಿಯುತ್ತಿರಲಿಲ್ಲ. ಈ ಸೀಮೆಯಲ್ಲಿ ತಾಳಮದ್ದಳೆ ಎಂದೊಂದು ಉಂಟು (ನೋಡಿ, ನನಗೂ ‘ಉಂಟು’ ಅಂಟಿದೆ). ವೇಷವಿಲ್ಲ, ಕುಣಿತವಿಲ್ಲ; ಸಾಲಾಗಿ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದ ಮಾಡುತ್ತಾರೆ. ಅದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಇವರಿಬ್ಬರೂ ಹರೆಯದಲ್ಲಿ ಅರ್ಥ ಹೇಳಿದವರು. ನೆಟ್ ನಿಂತು ಚಕ್ರ ತಿರುಗತೊಡಗಿದ ಕೂಡಲೇ ಒಬ್ಬರು ಕೆಂಪು ಚಡ್ಡಿಯವನಾಗಿ, ಇನ್ನೊಬ್ಬರು ಅವನ ಎದುರಾಳಿ ಗಡ್ಡದವನಾಗಿ ಗ್ರಂಥದ ಕನ್ನಡದಲ್ಲಿ ಜಗಳಕ್ಕೆ ಇಳಿಯುತ್ತಿದ್ದರು. ವಿದ್ಯಾನಗರದ ನೆಟ್ಟು ಹತ್ತು ನಿಮಿಷಕ್ಕೊಮ್ಮೆ ನಿಲ್ಲುತ್ತದೆ. ಗಡ್ಡದವನು ಮಿತ್ರದ್ರೋಹ ಮಾಡಿದನೇ ಇಲ್ಲವೇ ಎಂಬುದರ ಮೇಲೆ ಒಂದಿಡೀ ಸಂಜೆ ಹೋದದ್ದನ್ನು ನಾನೇ ಕಂಡಿದ್ದೇನೆ.

ನನಗೆ ಅಸಹ್ಯವಾಗುತ್ತಿತ್ತು. ಆದರೂ ಹೋಗುತ್ತಿದ್ದೆ, ಯಾಕೆಂದರೆ ಭಾನುವಾರ ಬೆಳಿಗ್ಗೆಯಿಂದ ಒಬ್ಬರೊಡನೆಯೂ ಮಾತಾಡದೆ ಇದ್ದವಳಿಗೆ ಸಂಜೆಯಾಗುವಷ್ಟರಲ್ಲಿ ಗೋಡೆಗಳ ಮೇಲೆ ಸಿಟ್ಟು ಬರುತ್ತದೆ. ಸಂಜೀವಣ್ಣನ ಹೆಂಡತಿ ಸುಮತಿಯಕ್ಕ ಮಾಡುವ ಪೋಡಿಯೂ ಒಂದು ಕಾರಣ. ಪೋಡಿ ಎಂದರೆ ನಮ್ಮ ಭಜಿಯೇ; ತೆಂಗಿನೆಣ್ಣೆಯ ವಾಸನೆಗೆ ನಾನು ಮೂಗು ಮುಚ್ಚಿಕೊಂಡು ತಿನ್ನಲು ಕಲಿತೆ, ಆಮೇಲೆ ಮೂಗು ಬಿಟ್ಟು.

ಒಂದು ದಿನ ತಡೆಯಲಾಗಲಿಲ್ಲ. ಇದೆಲ್ಲ ಮೊದಲೇ ಬರೆದಿಟ್ಟ ನಾಟಕ, ಇದನ್ನು ಕುಸ್ತಿ ಎನ್ನಲು ನಾಚಿಕೆಯಾಗಬೇಕು ಎಂದೆ. ಸಂಜೀವಣ್ಣ ನನ್ನತ್ತ ತಿರುಗಿ, “ನಾಟಕವೇ ಮೇಡಂ. ಮತ್ತೆಂತ?” ಎಂದರು. ಯಾರು ಗೆಲ್ಲುತ್ತಾರೆ ಎಂದು ಯಾರಾದರೂ ನೋಡುತ್ತಾರಾ, ಯಾರು ಚೆಂದ ಸೋಲುತ್ತಾರೆ ಎಂದು ನೋಡುವುದು ಎಂದು ನಾರಾಯಣಣ್ಣ ಸೇರಿಸಿದರು. ಸುಳ್ಳನ್ನು ಸುಳ್ಳೆಂದರೆ ಹೌದು ಎನ್ನುವವರೊಡನೆ ಏನು ವಾದ ಮಾಡುವುದು?

ಹಾಗಾಗಿ ನಾನು ನನ್ನ ಅಪ್ಪನನ್ನು ಹೊರತೆಗೆದೆ. ನನ್ನಪ್ಪ ಪೈಲ್ವಾನ. ಗರಡಿಮನೆಯ ಕೆಂಪು ಮಣ್ಣಿನ ಮಟ್ಟಿಯಲ್ಲಿ ಬೆಳೆದವನು, ಬೆಳಿಗ್ಗೆ ನಾಲ್ಕಕ್ಕೆದ್ದು ಸಾವಿರ ಬೈಠಕ್ ಹೊಡೆದವನು. ನಾಗರಪಂಚಮಿಯ ಕುಸ್ತಿಯಲ್ಲಿ, ಸೋಲೆಂಬುದೇ ತಿಳಿಯದ ಕೊಲ್ಲಾಪುರದ ಪೈಲ್ವಾನನನ್ನು ನಲವತ್ತು ನಿಮಿಷ ಹಿಡಿದು ಚಿತ್ ಮಾಡಿದವನು. ಜನ ಅವನನ್ನು ಹೆಗಲ ಮೇಲೆ ಹೊತ್ತು ಮನೆತನಕ ತಂದರಂತೆ. ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಾದ ದಿನಗಳಿದ್ದವು, ಆ ಕಥೆಗೆ ಕೊರತೆಯಾದ ದಿನವಿರಲಿಲ್ಲ. ಅವ್ವ ಅದನ್ನು ಹೇಳುವಾಗ ಲಟ್ಟಣಿಗೆ ಬದಿಗಿಟ್ಟು ತೋಳು ತಟ್ಟಿ ತೋರಿಸುತ್ತಿದ್ದಳು. ನಮ್ಮ ಕಡೆ ಕುಸ್ತಿ ಎಂದರೆ ಅದು, ಇದಲ್ಲ ಎಂದು ಬೆರಳು ತೋರಿಸಿ ಹೇಳಿದೆ.

ಅಜ್ಜಂದಿರು ಟಿವಿ ನಿಲ್ಲಿಸಿ ಕೇಳಿದರು. ಮಾರನೆಯ ವಾರದಿಂದ ನಾನು ಬ್ಯಾಂಕಿನ ಮೇಡಂ ಅಲ್ಲ, ಪೈಲ್ವಾನರ ಮಗಳು. ಮೀನಿನವನು ದಾರಿ ಬಿಟ್ಟ, ರಿಕ್ಷಾದವರು ನಮಸ್ಕಾರ ಹೊಡೆದರು, ಜೋಳದ ಹಿಟ್ಟಿನ ಅಂಗಡಿಯವನು ಮಂಗಳೂರಿನಿಂದ ತರಿಸಿಕೊಟ್ಟ. ಈ ಊರಿನಲ್ಲಿ ನನಗೆ ಸಿಕ್ಕ ಒಂದೇ ಮರ್ಯಾದೆ ಅದು, ಅದನ್ನು ನಾನು ತಲೆ ಎತ್ತಿಕೊಂಡು ಅನುಭವಿಸಿದೆ. ಸುಮತಿಯಕ್ಕ ಮಾತ್ರ ಚಹಾದ ಲೋಟ ತೆಗೆಯುತ್ತ, “ನೀವು ನೋಡಿದ್ದುಂಟಾ, ಆ ಕುಸ್ತಿ?” ಎಂದು ಕೇಳಿದರು. ಹೆಣ್ಣುಮಕ್ಕಳು ಗರಡಿಯ ಮಟ್ಟಿ ಮೆಟ್ಟುವಂತಿಲ್ಲ, ಕಣದ ಸುತ್ತ ನಿಲ್ಲುವುದೂ ನಮ್ಮಲ್ಲಿಲ್ಲ ಎಂದೆ. ಅವರು ಲೋಟ ತೆಗೆದುಕೊಂಡು ಒಳಗೆ ಹೋದರು.

ಮರುವರ್ಷ ಅಪ್ಪನ ಮೊಣಕಾಲು ಪೂರ್ತಿ ಕೈಕೊಟ್ಟಿತು. ಮಂಗಳೂರಿನ ಆಸ್ಪತ್ರೆಗೆ ತೋರಿಸಲು ನಾನೇ ಕರೆಸಿಕೊಂಡೆ. ಅವ್ವ ಎಮ್ಮೆ ಬಿಟ್ಟು ಬರುವಂತಿರಲಿಲ್ಲ. ಅಪ್ಪ ಬಂದ ಸುದ್ದಿಗೆ ನಾರಾಯಣಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಭಾನುವಾರ ಅಪ್ಪನನ್ನು ಸೋಫಾದ ನಡುವೆ ಕೂರಿಸಿದರು. ನಾನು ಗೋಡೆಗೊರಗಿ ನಿಂತು ಕಾಯ್ದೆ. ನಿಜವಾದ ಪೈಲ್ವಾನನೊಬ್ಬ ಈ ಸೋಗನ್ನು ನೋಡಿ ಏನನ್ನುತ್ತಾನೆ ಎಂದು ಇವರು ಒಮ್ಮೆ ಕೇಳಲಿ, ಇವರ ಅರ್ಥಗಾರಿಕೆಯೆಲ್ಲ ಇಳಿದುಹೋಗಲಿ ಎಂಬುದು ನನ್ನ ಆಸೆ. ಒಂದೂವರೆ ವರ್ಷ ನಾನು ಇದಕ್ಕೇ ಕಾದಿದ್ದೆ ಎಂದರೂ ತಪ್ಪಲ್ಲ.

ಕೆಂಪು ಚಡ್ಡಿಯವನನ್ನು ಗಡ್ಡದವನು ತಲೆಯ ಮೇಲೆತ್ತಿ ನೆಲಕ್ಕೆ ಒಗೆದಾಗ ಅಪ್ಪ ಮುಂದಕ್ಕೆ ಬಾಗಿ, “ಇನ್ನೊಮ್ಮೆ ತೋರಸ್ರಿ,” ಎಂದ. ತೋರಿಸಿದರು. ಮತ್ತೊಮ್ಮೆ ಎಂದ. ಮೂರನೆಯ ಸಲಕ್ಕೆ ಅವನ ಮುಖ ಅರಳಿತು.

“ಎತ್ತಿ ಒಗದಂವನ್ನ ನೋಡಬ್ಯಾಡ್ರಿ, ಬಿದ್ದಂವನ್ನ ನೋಡ್ರಿ. ತಾನಽ ಜಿಗದಾನ. ಗದ್ದ ಎದಿಗೆ ಒತ್ತಿಕೊಂಡಾನ, ಇಲ್ಲಂದ್ರ ಕುತ್ತಿಗಿ ಮುರೀತಿತ್ತು. ಎಂಥಾ ಪೈಲ್ವಾನ ಅಂವ.”

ನಾರಾಯಣಣ್ಣ ಕೈ ಜೋಡಿಸಿ, “ಪೈಲ್ವಾನರೇ, ಆ ಕೊಲ್ಲಾಪುರದವನನ್ನು ಹೇಗೆ ಬೀಳಿಸಿದ್ದು? ನಿಮ್ಮ ಬಾಯಲ್ಲೇ ಕೇಳಬೇಕು ಅಂತ ಉಂಟು,” ಎಂದರು.

“ನಾ ಎಲ್ಲಿ ಕೆಡವಿದೆ?” ಎಂದ ಅಪ್ಪ. “ಅಂವ ಬಿದ್ದ. ಚಲೋ ಬಿದ್ದ.”

ಆಮೇಲೆ ಅಪ್ಪ ಹೇಳಿದ್ದನ್ನು ನಾನು ನಿಂತೇ ಕೇಳಿದೆ. ಪಂಚಮಿಯ ಹಿಂದಿನ ಸಂಜೆ ಎರಡೂ ಕಡೆಯ ವಸ್ತಾದರು, ಅಂದರೆ ಗರಡಿಯ ಗುರುಗಳು, ಗರಡಿಯ ಹಿತ್ತಲಲ್ಲಿ ಕುಳಿತು ಮಾತು ಮುಗಿಸಿದ್ದರಂತೆ. ಊರಿನವನು ಗೆಲ್ಲಬೇಕು, ಆದರೆ ಜನಕ್ಕೆ ಬೇಸರವಾಗದಂತೆ ನಲವತ್ತು ನಿಮಿಷ ಎಳೆಯಬೇಕು. ಮರುವರ್ಷ ಅಪ್ಪ ಅವರ ಸೀಮೆಗೆ ಹೋಗಿ ಬಿದ್ದುಬಂದನಂತೆ. ಗೆಲ್ಲುವುದು ಯಾರಿಗಾದರೂ ಬರುತ್ತದೆ, ಬೀಳುವುದನ್ನು ಕಲಿಯಲು ತನಗೆ ಆರು ತಿಂಗಳು ಹಿಡಿಯಿತು ಎಂದು ಹೇಳುವಾಗ ಅವನ ದನಿಯಲ್ಲಿದ್ದ ಹೆಮ್ಮೆ, ಗೆದ್ದ ಕಥೆಯನ್ನು ಅವ್ವ ಹೇಳುವಾಗ ಅವನ ಮುಖದಲ್ಲಿ ನಾನೆಂದೂ ಕಂಡದ್ದಲ್ಲ. ಆಗೆಲ್ಲ ಅವನು ತಟ್ಟೆ ನೋಡುತ್ತ ಉಣ್ಣುತ್ತಿದ್ದ.

“ಮನ್ಯಾಗ ಯಾಕ ಹೇಳಲಿಲ್ಲ ಅಪ್ಪಾ?” ಎಂದೆ. ನನ್ನ ದನಿ ನನಗೇ ಕೆಟ್ಟದಾಗಿ ಕೇಳಿಸಿತು.

“ಹೇಳೂದೇನು? ಕಣದಾಗ ಇದ್ದವರಿಗೆಲ್ಲ ಗೊತ್ತಿತ್ತು,” ಎಂದ ಅಪ್ಪ. “ಗೊತ್ತಿಲ್ಲದವರು ಅಂದ್ರ ಮನ್ಯಾಗಿನ ಹೆಣಮಕ್ಕಳಷ್ಟ.”

ಸಂಜೀವಣ್ಣ ಅಪ್ಪನ ಭುಜ ಹಿಡಿದು, “ಹಾಗಾದರೆ ನೀವು ನಮ್ಮವರೇ,” ಎಂದರು. ಒಂದೂವರೆ ವರ್ಷ ಗಂಜಿ ಕುಡಿದು, ಬಸ್ಸಿನ ಬೋರ್ಡು ಓದಲು ಕಲಿತು, ‘ಎಂತ’ ‘ಉಂಟು’ ಎಂದು ನಾಲಿಗೆ ತಿರುಗಿಸಿಕೊಂಡ ನನಗೆ ಈ ಮಾತನ್ನು ಒಬ್ಬರೂ ಹೇಳಿರಲಿಲ್ಲ. ಅಪ್ಪನಿಗೆ ಎರಡು ಗಂಟೆಯಲ್ಲಿ ಸಿಕ್ಕಿತು. ಮೂವರೂ ಸೇರಿ ಬೀಳುವ ಬಗೆಯನ್ನು ಚರ್ಚಿಸತೊಡಗಿದರು. ನೆಟ್ ನಿಂತಾಗ ಅಪ್ಪನೇ ಕೆಂಪು ಚಡ್ಡಿಯವನ ಪರವಾಗಿ ನಮ್ಮ ಕನ್ನಡದಲ್ಲಿ ಅರ್ಥ ಹೇಳಿದ. ನಗು ಮಹಡಿಯವರೆಗೂ ಕೇಳಿಸುತ್ತಿತ್ತು. ನಾನು ಆಗಲೇ ಮೇಲೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ. ಎರಡೂ ಊರಿನ ಗಂಡಸರ ಮೇಲೆ ನನಗೆ ಹೇಸಿಗೆ ಹುಟ್ಟಿತ್ತು, ಅದರಲ್ಲಿ ಅಪ್ಪನ ಪಾಲೇ ಹೆಚ್ಚು.

ಅಪ್ಪ ಊರಿಗೆ ಮರಳಿದ ಮೇಲೆ ಅವ್ವ ಫೋನು ಮಾಡಿದಳು. ನಿಮ್ಮಪ್ಪ ಅಲ್ಲಿಯವರಿಗೆ ಪಂಚಮಿಯ ಕುಸ್ತಿ ಹೇಳಿದರಂತೆ, ಅವರೇನಂದರು ಎಂದು ಕೇಳಿದಳು. ಬಹಳ ಹೊಗಳಿದರು ಎಂದೆ. ತಾರಸಿಯ ಮೇಲೆ ಬಟ್ಟೆ ಹಾಕುತ್ತಿದ್ದ ಸುಮತಿಯಕ್ಕ ನಾನು ಫೋನು ಇಟ್ಟ ಮೇಲೆ ನನ್ನತ್ತ ತಿರುಗಿದರು. ಅಪ್ಪ ಬಾಯಿಬಿಟ್ಟ ಆ ಭಾನುವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಅವರೂ ಎಲ್ಲವನ್ನೂ ಕೇಳಿದ್ದರು. ನನಗೆ ಅಳು ಬಂತು. ಆಯುಷ್ಯವಿಡೀ ಆ ಗೆಲುವನ್ನು ಹೇಳಿಕೊಂಡು ಬಂದವಳಿಗೆ ನಿಜ ಹೇಗೆ ಹೇಳಲಿ, ಅವ್ವನಿಗೆ ಏನೂ ಗೊತ್ತಿಲ್ಲ ಎಂದೆ.

“ಗೊತ್ತಿಲ್ಲ ಅಂತ ನಿಮಗೆ ಹೇಳಿದ್ದು ಯಾರು?” ಎಂದರು ಸುಮತಿಯಕ್ಕ.

“ಅಪ್ಪ.”

“ಅಪ್ಪನಿಗೆ ಎಂತ ಗೊತ್ತುಂಟು,” ಎಂದು ಅವರು ಒದ್ದೆ ಪಂಚೆಯನ್ನು ಒಮ್ಮೆ ಕೊಡವಿ ಹಗ್ಗಕ್ಕೆ ಹಾಕಿದರು.

ದೀಪಾವಳಿಗೆ ಊರಿಗೆ ಹೋದೆ. ಓಣಿಯ ಹೊಸ ಸೊಸೆಗೆ ಅವ್ವ ಕುಸ್ತಿಯ ಕಥೆ ಹೇಳುತ್ತಿದ್ದಳು, ತೋಳು ತಟ್ಟಿ, ಉಸಿರು ಹಿಡಿದು, ನಲವತ್ತು ನಿಮಿಷವನ್ನೂ ಬಿಡದೆ. ನಾನು ಕಂಬಕ್ಕೊರಗಿ ಅವಳ ಮುಖವನ್ನೇ ನೋಡಿದೆ. ಹುಟ್ಟಿದಾಗಿನಿಂದ ಕಂಡ ಮುಖ. ಪರಸ್ಥಳದವಳಂತೆ ನೋಡಿದರೂ ಏನೂ ತಿಳಿಯಲಿಲ್ಲ. ಕೇಳಬೇಕೆಂದು ಎರಡು ಸಲ ಅಡುಗೆಮನೆಗೆ ಹೋಗಿ ಎರಡು ಸಲವೂ ನೀರು ಕುಡಿದು ಬಂದೆ.

ಹೊರಡುವ ದಿನ ಅವ್ವ ಇನ್ನೆರಡು ದಿನ ಇರು ಎಂದಳು. ಭಾನುವಾರದೊಳಗೆ ತಲುಪಬೇಕು ಎಂದೆ.

“ಆಯ್ತವಾರ ಬ್ಯಾಂಕು ಇರಂಗಿಲ್ಲ. ಅಲ್ಲೇನೈತಿ ನಿನಗ?”

“ಕುಸ್ತಿ,” ಎಂದೆ.

ಅವ್ವ ರೊಟ್ಟಿಯ ಗಂಟು ಕಟ್ಟುತ್ತ ನಕ್ಕಳು. ಗೊತ್ತಿದ್ದು ನಕ್ಕಳೋ ಗೊತ್ತಿಲ್ಲದೆ ನಕ್ಕಳೋ, ಬಸ್ಸು ಘಟ್ಟ ಇಳಿದು ಮುಗಿಯುವವರೆಗೂ ಯೋಚಿಸಿದೆ. ಇವತ್ತಿಗೂ ನನಗೆ ಗೊತ್ತಾಗಿಲ್ಲ.